ಬೆಣಚುಕಲ್ಲಿನ ಧೂಳು: ಕೆಜಿಎಫ್ ಸುರಂಗದಿಂದ ಗ್ರಾನೈಟ್ ಶೆಡ್‌ವರೆಗೆ

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಚಿನ್ನ ಬೇಕಾದರೆ ಬೆಣಚುಕಲ್ಲು ಕೊರೆಯಬೇಕು, ಸಿಡಿಸಬೇಕು, ಹಿಟ್ಟು ಮಾಡಬೇಕು. ಬೆಣಚುಕಲ್ಲು ಅಂದರೆ ಅಪ್ಪಟ ಸಿಲಿಕಾ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿಯಲ್ಲಿ ಬೀಗ ಬೀಳುವವರೆಗೆ ಕಾರ್ಮಿಕರ ಎದೆಗೆ ಇಳಿದದ್ದು ಇದೇ ಹಿಟ್ಟು.

ಕಣ್ಣಿಗೆ ಕಾಣುವ ಧೂಳಿಗೆ ಹೆದರಬೇಕಾದ್ದು ಕಡಿಮೆ. ಅದು ಮೂಗು, ಗಂಟಲಲ್ಲೇ ತಡೆದು ಕಫವಾಗಿ ಹೊರಬರುತ್ತದೆ. ಶ್ವಾಸಕೋಶದ ತುದಿಯ ಗಾಳಿಚೀಲ ಮುಟ್ಟುವುದು ಸುಮಾರು 5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಸಣ್ಣ ಕಣ. ಅದನ್ನು ನುಂಗಿ ತೊಲಗಿಸಲು ಬರುವ ರಕ್ಷಕ ಕೋಶ ತಾನೇ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಲವೂ ಒಂದಿಷ್ಟು ಗಾಯದ ಕಲೆ ಉಳಿಯುತ್ತದೆ. ಹತ್ತು ಹದಿನೈದು ವರ್ಷ ಹೀಗೆ ನಡೆದರೆ ಸಿಲಿಕೋಸಿಸ್. ಕೆಲಸ ಬಿಟ್ಟರೂ ಒಳಗಿನ ಕಲೆ ಬೆಳೆಯುವುದು ನಿಲ್ಲಬೇಕೆಂದಿಲ್ಲ, ವಾಸಿಮಾಡುವ ಮದ್ದೂ ಇಲ್ಲ. ಇಂಥ ಶ್ವಾಸಕೋಶಕ್ಕೆ ಟಿಬಿ ಬಲು ಬೇಗ ತಗಲುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ, ‘ಏನು ಕೆಲಸ ಮಾಡುತ್ತಿದ್ದೆ’ ಎಂದು ವೈದ್ಯರು ಕೇಳದಿದ್ದರೆ ಟಿಬಿ ಮಾತ್ರೆಯಲ್ಲೇ ಕಥೆ ಮುಗಿಯುತ್ತದೆ.

ಕೆಜಿಎಫ್‌ನಲ್ಲಿ ಈ ಪ್ರಶ್ನೆಯನ್ನು ದೇಶದ ಬೇರೆಡೆಗಿಂತ ಮೊದಲೇ ಕೇಳಿದರು. 1940ರಲ್ಲೇ ಮೈಸೂರು ಸರ್ಕಾರ ಸಿಲಿಕೋಸಿಸ್‌ಗೆ ಪರಿಹಾರ ಕೊಡುವ ನಿಯಮ ತಂದಿತು. ಆ ದಶಕದಲ್ಲಿ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ 43ರಷ್ಟು ಜನರಲ್ಲಿ ರೋಗ ಸಿಕ್ಕಿತು. ನಿಯಮ ಒಳ್ಳೆಯದೇ. ಆದರೆ ಅದು ಅಳೆದದ್ದು ಮನುಷ್ಯನ ಎದೆಯನ್ನು, ಸುರಂಗದ ಗಾಳಿಯನ್ನಲ್ಲ. ಆ ಜಾಡು ಇಂದಿಗೂ ಪೂರ್ತಿ ಬದಲಾಗಿಲ್ಲ.

ಧೂಳನ್ನು ಹುಟ್ಟಿದಲ್ಲೇ ಹಿಡಿಯುವ ಉಪಾಯ ಅಷ್ಟರೊಳಗೆ ಹಳತಾಗಿತ್ತು. ಗಾಳಿಯೊತ್ತಡದ ಡ್ರಿಲ್ ಬಂದ ಹೊಸದರಲ್ಲಿ ತೂತಿನ ಪುಡಿಯನ್ನು ಗಾಳಿಯಿಂದಲೇ ಊದಿ ತೆಗೆಯುತ್ತಿದ್ದರು. ಅಮೆರಿಕದ ಗಣಿಗಳಲ್ಲಿ ಆ ಯಂತ್ರಕ್ಕೆ ‘ಹೆಂಡತಿಯನ್ನು ವಿಧವೆ ಮಾಡುವಂಥದ್ದು’ ಎಂದೇ ಹೆಸರು ಬಿತ್ತು. 1890ರ ದಶಕದ ಕೊನೆಗೆ ಅಲ್ಲಿನ ಡ್ರಿಲ್ ತಯಾರಕ ಜಾರ್ಜ್ ಲೇನರ್, ಡ್ರಿಲ್ ಸಲಾಕೆಯ ನಡುವೆ ತೂತು ಕೊರೆದು ಅದರೊಳಗಿಂದ ನೀರು ಹರಿಸಿದ. ಪುಡಿ ಕೆಸರಾಗಿ ಹೊರಬಂತು.

ನೀರಿನ ಪೈಪ್ ಜೋಡಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ತೂತು ಶುರುಮಾಡುವಾಗ, ಮೊದಲ ಕೆಲವು ಸೆಂಟಿಮೀಟರ್, ಡ್ರಿಲ್ಲಿನ ಮೊನೆ ಜಾರುತ್ತದೆ ಎಂದೋ ಮೈಮೇಲೆ ಕೆಸರು ಸಿಡಿಯುತ್ತದೆ ಎಂದೋ ನೀರು ಬಿಡುವುದಿಲ್ಲ. ದಟ್ಟ ಧೂಳು ಏಳುವುದು ಆಗಲೇ. ಯಂತ್ರದೊಳಗಿನ ನೀರಿನ ಕೊಳವೆ ಸವೆದಿದ್ದರೆ ಒತ್ತಡದ ಗಾಳಿ ಸೋರಿ ನೀರಿನೊಂದಿಗೆ ಬೆರೆಯುತ್ತದೆ. ಆಗ ಸಣ್ಣ ಕಣಗಳು ಗಾಳಿಗುಳ್ಳೆಯೊಳಗೆ ಒಣಗಿಯೇ ಉಳಿದು ಹೊರಬರುತ್ತವೆ. ನೋಡುವವರಿಗೆ ಕೆಸರು ಹರಿಯುತ್ತಿದೆ, ಎಲ್ಲ ಸರಿಯಿದೆ. ಸಿಡಿಮದ್ದು ಹೊಡೆದ ಮೇಲೆ ಕಲ್ಲುರಾಶಿಯನ್ನು ನೆನೆಸದೆ ಬಾಚಿದರೆ ಕೊರೆಯುವಾಗ ಉಳಿಸಿದ್ದೆಲ್ಲ ವ್ಯರ್ಥ.

ಕೆಜಿಎಫ್‌ನಲ್ಲಿ ಇನ್ನೊಂದು ಪೇಚು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಆಳ, ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಲ್ಲಿ ನೀರು ಚೆಲ್ಲಿದರೆ ಗಾಳಿಯ ತೇವ ಏರುತ್ತದೆ, ಬೆವರು ಆರುವುದಿಲ್ಲ, ಮೈ ಕಾದು ಕುಸಿಯುವ ಭಯ. ಆದ್ದರಿಂದ ನೀರಿನ ಜೊತೆಗೆ ತಂಪು ಗಾಳಿಯೂ ಬೇಕೇಬೇಕು. ಒಂದು ಅಪಾಯಕ್ಕೆ ಹಾಕಿದ ತಡೆ ಇನ್ನೊಂದನ್ನು ಹೇಗೆ ಎಬ್ಬಿಸುತ್ತದೆ ಎಂದು ಮೊದಲೇ ನೋಡದ ಸುರಕ್ಷತಾ ಯೋಜನೆ ಕಾಗದಕ್ಕೇ ಸರಿ.

ಧೂಳಿನ ಬದಲು ದೇಹವನ್ನೇ ಸರಿಪಡಿಸಹೊರಟ ಅತಿ ವಿಚಿತ್ರ ಪ್ರಯೋಗ ಕೆನಡಾದ್ದು. 1943ರಿಂದ 1979ರವರೆಗೆ ಒಂಟಾರಿಯೊದ ಗಣಿಗಳಲ್ಲಿ ಪಾಳಿಗೆ ಇಳಿಯುವ ಮುನ್ನ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿ, ಸಿಲಿಕೋಸಿಸ್ ತಡೆಯುತ್ತದೆಂದು ಅಲ್ಯೂಮಿನಿಯಂ ಪುಡಿ ಹಾರಿಸಿ ಉಸಿರಾಡಿಸುತ್ತಿದ್ದರು. ಆ ಪುಡಿ ಸೇವಿಸಿದವರ ಪಾರ್ಕಿನ್‌ಸನ್ ಕಾಯಿಲೆಯನ್ನು ವೃತ್ತಿರೋಗವೆಂದು ಅಲ್ಲಿ ಒಪ್ಪಿಕೊಂಡದ್ದು 2022ರಲ್ಲಿ.

ನಮ್ಮಲ್ಲಿ ಕಾನೂನು ಸಾಲುಸಾಲಾಗಿ ಬಂತು. 1948ರ ಕಾರ್ಖಾನೆ ಕಾಯ್ದೆ ಮತ್ತು 1952ರ ಗಣಿ ಕಾಯ್ದೆ ವೃತ್ತಿರೋಗ ಕಂಡರೆ ವರದಿ ಮಾಡಲೇಬೇಕೆಂದವು. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ಗಾಳಿಯಲ್ಲಿ ಎಷ್ಟು ಧೂಳು ಇರಬಹುದು ಎಂಬ ಮಿತಿಯೂ ಬಂತು. ಲೋಹದ ಗಣಿಗಳಿಗೆ ಸೂತ್ರ ಸರಳ: ಒಳಸೇರಬಲ್ಲ, ಅಂದರೆ ಗಾಳಿಚೀಲ ಮುಟ್ಟುವಷ್ಟು ಸಣ್ಣ, ಧೂಳಿನಲ್ಲಿ ಸಿಲಿಕಾ ಶೇಕಡಾ ಎಷ್ಟೋ ಅದರಿಂದ 15ನ್ನು ಭಾಗಿಸಿ. ಶೇ 30 ಸಿಲಿಕಾ ಇದ್ದರೆ ಘನ ಮೀಟರ್‌ಗೆ 0.5 ಮಿಲಿಗ್ರಾಂ ಧೂಳು. ಅಂದರೆ ಬರೀ ಸಿಲಿಕಾ ಲೆಕ್ಕ ಹಾಕಿದರೆ 0.15 ಮಿಲಿಗ್ರಾಂ. ಕಾರ್ಖಾನೆಯ ಸೂತ್ರ ಬೇರೆ. ಶೇಕಡಾವಾರಿಗೆ 2 ಕೂಡಿಸಿ, ಅದರಿಂದ 10ನ್ನು ಭಾಗಿಸಬೇಕು. ಅಲ್ಲಿ ಸಿಲಿಕಾ ಸುಮಾರು 0.1ಕ್ಕೆ ಬರುತ್ತದೆ. ಅಮೆರಿಕ 2016ರಲ್ಲಿ ಇಟ್ಟ ಮಿತಿ 0.05. ಒಂದೇ ಕಲ್ಲು, ಒಂದೇ ಶ್ವಾಸಕೋಶ, ಮೂರು ಲೆಕ್ಕ.

ಈಗ ಬೆಣಚಿನ ಧೂಳು ಹೆಚ್ಚಾಗಿ ಏಳುವುದು ಗ್ರಾನೈಟ್ ಕೊಯ್ಯುವ ಶೆಡ್, ಜಲ್ಲಿ ಕ್ರಷರ್ ಮತ್ತು ಮನೆಯ ಸ್ಲ್ಯಾಬ್ ಕತ್ತರಿಸುವ ಕೈ ಕಟರ್‌ನಿಂದ. ಗ್ರಾನೈಟಿನಲ್ಲಿ ಬೆಣಚು ಸಾಮಾನ್ಯವಾಗಿ ಶೇ 20ರಿಂದ 40. ದೊಡ್ಡ ಗರಗಸಕ್ಕೆ ಬ್ಲೇಡ್ ಉಳಿಯಲೆಂದಾದರೂ ನೀರು ಬಿಡುತ್ತಾರೆ. ಕೈ ಕಟರ್‌ಗೆ ‘ಎರಡೇ ನಿಮಿಷದ ಕೆಲಸ’ ಎಂದು ಬಿಡುವುದಿಲ್ಲ. ಅದಕ್ಕೆ ಬೇಕಾದದ್ದು ನಿಮಿಷಕ್ಕೆ ಅರ್ಧ ಲೀಟರ್, ಬ್ಲೇಡಿನ ಎರಡೂ ಬದಿಗೆ. ನೀರಿನಲ್ಲಿ ಕೂತ ಕೆಸರನ್ನು ಹಸಿಯಿರುವಾಗಲೇ ಬಾಚಬೇಕು. ಒಣಗಿದ ಮೇಲೆ ಪೊರಕೆ ಹಿಡಿದರೆ, ಇಲ್ಲವೇ ಸಂಜೆ ಕಂಪ್ರೆಸರ್ ಪೈಪಿನಿಂದ ಅಂಗಿ ಕೊಡವಿದರೆ, ಹಗಲಿಡೀ ಹಿಡಿದ ಧೂಳು ಮತ್ತೆ ಗಾಳಿಗೆ. ಟವೆಲ್ ಕಟ್ಟಿಕೊಂಡರೆ ಸಣ್ಣ ಕಣ ತಡೆಯುವುದಿಲ್ಲ, ಆಸ್ಪತ್ರೆಯ ಹಸಿರು ಮಾಸ್ಕ್ ಕೂಡ. ಎನ್95 ತಡೆಯುತ್ತದೆ, ಆದರೆ ಎರಡು ದಿನದ ಗಡ್ಡವಿದ್ದರೂ ಅಂಚಿನಲ್ಲಿ ಸೋರುತ್ತದೆ. ಮಾಸ್ಕ್ ಏನಿದ್ದರೂ, ನೀರು ಮತ್ತು ಧೂಳನ್ನು ಹೀರಿ ತೆಗೆಯುವ ಗಾಳಿಯಂತ್ರದ ನಂತರದ ಮಾತು. ಅಗ್ಗವೆಂದು ಅದನ್ನೇ ಮೊದಲು ಕೊಡುತ್ತಾರೆ.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗಕ್ಕೆ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂತು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅದರಲ್ಲಿದೆ, ಸಿಲಿಕೋಸಿಸ್ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿದೆ. ಆದರೆ ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿತು. ಹದಿನೆಂಟು ಜನರ ಶೆಡ್ ಈಗ ಆ ಪದದ ಹೊರಗೆ.

ಅಂಥ ಶೆಡ್ಡಿನ ಗಾಳಿಯನ್ನು ಅಳೆಯುವುದು ದೊಡ್ಡ ವಿದ್ಯೆಯೇನಲ್ಲ. ಸೊಂಟಕ್ಕೆ ಸಣ್ಣ ಪಂಪು, ಕಾಲರಿಗೆ, ಮೂಗಿನಿಂದ ಒಂದಡಿಯೊಳಗೆ, ದಪ್ಪ ಕಣ ಬೇರ್ಪಡಿಸುವ ಸೈಕ್ಲೋನ್, ಅದರಾಚೆ ಮೊದಲೇ ತೂಕ ನೋಡಿಟ್ಟ ಫಿಲ್ಟರ್. ನಿಮಿಷಕ್ಕೆ 1.7 ಲೀಟರ್‌ನಂತೆ ಎಂಟು ಗಂಟೆಗೆ 816 ಲೀಟರ್ ಗಾಳಿ. ಗಣಿಯ ಮಿತಿಯ 0.5 ಮಿಲಿಗ್ರಾಂ ಇದ್ದರೆ ಫಿಲ್ಟರ್‌ನ ತೂಕ ಏರುವುದು ಸುಮಾರು 0.4 ಮಿಲಿಗ್ರಾಂ. ಒಂದು ಸಾಸಿವೆ ಕಾಳು ಇದಕ್ಕಿಂತ ಭಾರ.