ಸನ್ನೆ ಯಾವಾಗಲೂ ಶ್ರಮ ಉಳಿಸುತ್ತದೆಯೇ? ವೂಮೆರಾ ಹಿಡಿದು ಬಲದ ಪಾಠ

ಸನ್ನೆ (ಲಿವರ್, ಅಂದರೆ ಆನಿಕೆ ಅನ್ನೋ ಒಂದು ಬಿಂದುವಿನ ಸುತ್ತ ತಿರುಗುವ ಕೋಲು) ಯಾಕೆ ಬೇಕು ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಬರೆಯೋದು ಒಂದೇ ಉತ್ತರ: ಕಡಿಮೆ ಬಲ ಹಾಕಿ ಜಾಸ್ತಿ ಕೆಲಸ ಮಾಡಲು. ಇದರಲ್ಲಿ ಎರಡು ತಪ್ಪಿವೆ. ಸನ್ನೆಯಿಂದ ಕೆಲಸ ಜಾಸ್ತಿ ಆಗುವುದಿಲ್ಲ. ಎಲ್ಲ ಸನ್ನೆಗಳಲ್ಲೂ ಬಲ ಕಡಿಮೆ ಸಾಕು ಅನ್ನೋದೂ ಸುಳ್ಳು. ಎರಡನೇ ತಪ್ಪು ನನಗೆ ಸರಿಯಾಗಿ ಅರ್ಥವಾಗಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಒಂದು ಮರದ ಉಪಕರಣದ ಬಗ್ಗೆ ಓದಿದಾಗ. ಅಲ್ಲಿನ ಶಾಲಾ ಪಠ್ಯಕ್ರಮದಲ್ಲಿ ಮೂಲನಿವಾಸಿಗಳ ಇತಿಹಾಸ, ಸಂಸ್ಕೃತಿಗಳನ್ನು ಎಲ್ಲ ವಿಷಯಗಳ ಒಳಗೂ ತರಬೇಕು ಅಂತಿದೆ. ಬಲದ ಪಾಠಕ್ಕೆ ಅವರ ಉಪಕರಣಗಳು ಹೇಳಿ ಮಾಡಿಸಿದಂತಿವೆ.

ಉಪಕರಣದ ಹೆಸರು ವೂಮೆರಾ. ಈಟಿ ಎಸೆಯುವ ಹಲಗೆ ಅನ್ನಬಹುದು. ವೂಮೆರಾ ಅನ್ನೋದು ಸಿಡ್ನಿ ಕಡೆಯ ದರುಗ್ ಭಾಷೆಯ ಪದ. ಬಿಳಿಯರು ಬರುವ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು, ಹಾಗಾಗಿ ಇದಕ್ಕೆ ಹೆಸರುಗಳೂ ಹಲವು. ಮಧ್ಯದ ಮರುಭೂಮಿಯ ಪಿಟ್ಜನ್‌ಟ್ಜಟ್ಜರ ಜನ ಇದನ್ನು ಮಿರು ಅನ್ನುತ್ತಾರೆ, ಈಟಿಗೆ ಕುಲತ ಅನ್ನುತ್ತಾರೆ. ನಾನು ಇಲ್ಲಿ ಮಿರುವಿನ ಬಗ್ಗೆಯೇ ಹೇಳುತ್ತೇನೆ.

ಮಿರು ಮುಲ್ಗಾ ಮರದ್ದು. ನಮ್ಮ ಜಾಲಿಯ ದಾಯಾದಿ ಅದು. ಉದ್ದನೆಯ ಎಲೆಯ ಆಕಾರ, ನಡುವೆ ಸ್ವಲ್ಪ ತಗ್ಗು. ಒಂದು ತುದಿಯಲ್ಲಿ ಮರದ ಚಿಕ್ಕ ಮೊಳೆ, ಕಾಂಗರೂವಿನ ಸ್ನಾಯುವಿನ ನಾರಿನಿಂದ ಬಿಗಿದು ಕಟ್ಟಿರುತ್ತಾರೆ. ಹಿಡಿಯ ತುದಿಯಲ್ಲಿ ಹರಿತವಾದ ಕಲ್ಲಿನ ಚಕ್ಕೆ, ಸ್ಪಿನಿಫೆಕ್ಸ್ ಹುಲ್ಲಿನ ಅಂಟಿನಿಂದ ಕೂರಿಸಿದ್ದು. ಅದರಿಂದ ಮರ ಕೆತ್ತಬಹುದು, ಮಾಂಸ ಕೊಯ್ಯಬಹುದು. ಮಿರುವಿನ ಅಂಚನ್ನು ಒಣಮರದ ಮೇಲೆ ಗರಗಸದ ಹಾಗೆ ಉಜ್ಜಿ ಬೆಂಕಿಯನ್ನೂ ಮಾಡುತ್ತಾರೆ. ಘರ್ಷಣೆಗೆ ಉದಾಹರಣೆ ಬೇಕಿದ್ದರೆ ಅದೂ ಇದರಲ್ಲೇ ಸಿಕ್ಕಿತು.

ಈಗ ಎಸೆತ. ಕುಲತದ ಹಿಂದಿನ ತುದಿಯಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಮಿರುವಿನ ಮೊಳೆ ಅದರೊಳಗೆ ಕೂರುತ್ತದೆ. ಎಸೆಯುವಾಗ ತೋಳು ಮತ್ತು ಮಿರು ಸೇರಿ ಒಂದು ಉದ್ದನೆಯ ಕೋಲಿನಂತೆ ತಿರುಗುತ್ತವೆ. ತೋಳೇ ಮೂರನೇ ವರ್ಗದ ಸನ್ನೆ: ಆನಿಕೆ ಭುಜದಲ್ಲಿ, ಸ್ನಾಯುವಿನ ಬಲ ಅದಕ್ಕೆ ಹತ್ತಿರದಲ್ಲಿ, ಭಾರ ದೂರದ ತುದಿಯಲ್ಲಿ. ಮೀನು ಹಿಡಿಯುವ ಗಾಳದ ಕೋಲೂ ಹೀಗೇ ಅಲ್ವಾ? ಮಿರು ಸೇರಿಸಿದರೆ ಭಾರ ಇನ್ನೂ ದೂರ ಹೋಗುತ್ತದೆ.

ಲೆಕ್ಕ ಸುಲಭವಾಗಲಿ ಅಂತ ತೋಳು 70 ಸೆಂ.ಮೀ., ಮಿರುವೂ 70 ಸೆಂ.ಮೀ. ಅಂದುಕೊಳ್ಳಿ. ಮಣಿಕಟ್ಟಿನ ಆಟ ಸದ್ಯಕ್ಕೆ ಮರೆತುಬಿಡಿ. ಭುಜ ಅಷ್ಟೇ ಜೋರಾಗಿ ತಿರುಗಿದರೆ, ತುದಿಯ ವೇಗ ಎರಡು ಪಟ್ಟು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ನಾಲ್ಕು ಪಟ್ಟು. ಇದೇನು ಪುಕ್ಕಟೆ ಸಿಕ್ಕಿತಾ? ಇಲ್ಲ. ಅಷ್ಟೇ ಹೊತ್ತಿನಲ್ಲಿ ಎರಡು ಪಟ್ಟು ವೇಗ ಕೊಡಬೇಕಾದರೆ ಈಟಿಯನ್ನು ಎರಡು ಪಟ್ಟು ಬಲದಿಂದ ತಳ್ಳಬೇಕು. ಆ ಬಲ ಭುಜದಿಂದ ಎರಡು ಪಟ್ಟು ದೂರದಲ್ಲಿ ಬೀಳುತ್ತಿದೆ. ಹಾಗಾಗಿ ಈಟಿಯನ್ನು ತಿರುಗಿಸಲು ಭುಜ ಕೊಡಬೇಕಾದ ತಿರುಚುಬಲವೂ (ಬಲವನ್ನು ದೂರದಿಂದ ಗುಣಿಸಿದ್ದು) ನಾಲ್ಕು ಪಟ್ಟು.

ಇಲ್ಲೇ ಇರೋದು ಇದರ ಜಾಣತನ. ಕುಲತ ಹಗುರ. ಬರಿಗೈಯಲ್ಲಿ ಹಗುರವಾದ ವಸ್ತು ಎಸೆಯುವಾಗ ತೋಳಿನಲ್ಲಿ ಬಲ ಮಿಕ್ಕುತ್ತದೆ, ಆದರೆ ಕೈ ಅದಕ್ಕಿಂತ ಬೇಗ ತಿರುಗಲಾರದು. ಮಿಕ್ಕ ಬಲವನ್ನು ಕೊಟ್ಟು ಇಲ್ಲದ ವೇಗವನ್ನು ತಂದುಕೊಡುವುದು ಮಿರುವಿನ ಕೆಲಸ.

ನಂಬಿಕೆ ಬರದಿದ್ದರೆ ಅಡುಗೆಮನೆಯಿಂದ ಉದ್ದ ಹಿಡಿಯ ಸೌಟು ತನ್ನಿ. ನಾನು ತಾರಸಿಯ ಮೇಲೆ ಮಾಡಿ ನೋಡಿದೆ. ಸೌಟಿನಲ್ಲಿ ನಿಂಬೆಹಣ್ಣು ಇಟ್ಟು ಬೀಸಿದೆ. ಮೊದಲನೆಯದು ಬೆನ್ನ ಹಿಂದೆಯೇ ಬಿತ್ತು, ನಗಬೇಡಿ. ನಾಲ್ಕನೆಯ ಸಲಕ್ಕೆ ಹದ ಸಿಕ್ಕಿತು. ಕೈಯಲ್ಲಿ ಎಸೆದದ್ದಕ್ಕಿಂತ ಎಷ್ಟೋ ದೂರ, ಪಕ್ಕದ ಮನೆಯವರ ತೊಟ್ಟಿಯ ತನಕ ಹೋಯಿತು. ಆಮೇಲೆ ಒಂದು ದಪ್ಪ ಆಲೂಗಡ್ಡೆ ಇಟ್ಟೆ. ಮಣಿಕಟ್ಟು ಹಿಂದಕ್ಕೆ ಬಾಗಿತು, ಆಲೂಗಡ್ಡೆ ಎದುರಿಗೇ ದೊಪ್ಪನೆ ಬಿತ್ತು. ಬರಿಗೈಯಲ್ಲೇ ಅದು ಮುಂದೆ ಹೋಗಿತ್ತು. ಕುಲತ ಯಾಕೆ ಹಗುರವಾಗಿರಬೇಕು ಅನ್ನೋದಕ್ಕೆ ಉತ್ತರ ಆಲೂಗಡ್ಡೆಯಲ್ಲಿದೆ.

ಅಂಕ ಹೋಗುವ ಜಾಗ ಒಂದಿದೆ. ಮಿರುವನ್ನು ಬಿಟ್ಟ ಮೇಲೆ, ಗಾಳಿಯಲ್ಲಿರುವ ಈಟಿಯ ಮೇಲೆ ಯಾವ ಬಲಗಳಿವೆ? ಸುಮಾರು ಜನ ಮುಂದಕ್ಕೆ ಒಂದು ಬಾಣ ಎಳೆದು "ಎಸೆದ ಬಲ" ಅಂತ ಬರೆಯುತ್ತಾರೆ. ಆ ಬಲ ಮೊಳೆ ಗುಳಿಯಿಂದ ಬಿಟ್ಟುಕೊಂಡ ಕ್ಷಣಕ್ಕೇ ಮುಗಿಯಿತು. ಉಳಿದದ್ದು ಕೆಳಕ್ಕೆ ಗುರುತ್ವ, ಜೊತೆಗೆ ಗಾಳಿ. ಈಟಿ ಮುಂದೆ ಹೋಗುತ್ತಿರೋದು ಜಡತ್ವದಿಂದ.

ಮಿರುವಿಗೆ ಪೂರಾ ಉಲ್ಟಾ ವ್ಯಾಪಾರ ನೆಲ ಅಗೆಯುವ ಕೋಲಿನದು. ಪಿಟ್ಜನ್‌ಟ್ಜಟ್ಜರದಲ್ಲಿ ಅದರ ಹೆಸರು ವನ (ನಮ್ಮ ಕಾಡಿಗೂ ಇದಕ್ಕೂ ಸಂಬಂಧವಿಲ್ಲ). ಇದು ಹೆಂಗಸರ ಕೈಯ ಉಪಕರಣ. ಗಟ್ಟಿ ಮರದ ಕೋಲು, ಚೂಪಾದ ತುದಿ. ಗೆಡ್ಡೆ, ಜೇನಿರುವೆ ಅಗೆಯಲು ಬೇಕು. ನೀವು 200 ನ್ಯೂಟನ್ ಬಲ ಹಾಕಿದಿರಿ ಅನ್ನಿ. ತುದಿ 1 ಚದರ ಸೆಂ.ಮೀ. ಇದ್ದರೆ ಒತ್ತಡ 20 ಲಕ್ಷ ಪ್ಯಾಸ್ಕಲ್. ಅದೇ ಬಲವನ್ನು 20 ಚದರ ಸೆಂ.ಮೀ. ಮೇಲೆ ಹರಡಿದರೆ ಬರೀ 1 ಲಕ್ಷ. ನಾಟಿದ ಮೇಲೆ ಗುಂಡಿಯ ಅಂಚಿಗೆ ಒರಗಿಸಿ ಮೀಟಿದರೆ ಮೊದಲನೇ ವರ್ಗದ ಸನ್ನೆ (ಆನಿಕೆ ನಡುವೆ), ಹಾರೆಯಿಂದ ಕಲ್ಲು ಮೀಟಿದ ಹಾಗೇ. ಅಂಚಿನಿಂದ ಕೈಗೆ 1 ಮೀಟರ್, ತುದಿಗೆ 20 ಸೆಂ.ಮೀ. ಇದ್ದರೆ ಬಲ ಐದು ಪಟ್ಟು. ಕೈ ಮಾತ್ರ ಐದು ಪಟ್ಟು ದೂರ ಸರಿಯಬೇಕು.

ಇನ್ನು ಬೂಮರಾಂಗ್, ಅಂದರೆ ಎರಡು ತೋಳಿನಂತೆ ಬಾಗಿದ, ಎಸೆಯುವ ಮರದ ತುಂಡು. ನಮ್ಮ ಪತ್ರಿಕೆಗಳಲ್ಲಿ ಏನೇ ತಿರುಗಿಬಿದ್ದರೂ "ಬೂಮರಾಂಗ್ ಆಯಿತು" ಅಂತ ಬರೆಯುತ್ತಾರೆ. ಆದರೆ ಬೇಟೆಗೆ ಬಳಸುವ ಭಾರದ ಬೂಮರಾಂಗ್ ತಿರುಗಿ ಬರುವುದೇ ಇಲ್ಲ, ಬರಬಾರದು ಕೂಡ. ದಕ್ಷಿಣ ಆಸ್ಟ್ರೇಲಿಯಾದ ವೈರೀ ಜೌಗಿನಲ್ಲಿ 1973ರಲ್ಲಿ ಸುಮಾರು 10,000 ವರ್ಷ ಹಳೆಯ ಮರದ ಬೂಮರಾಂಗ್‌ಗಳು ಸಿಕ್ಕಿವೆ.

ತಿರುಗಿ ಬರುವುದನ್ನು ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ಗಿರಗಿರ ಸುತ್ತುವಂತೆ ಎಸೆಯುತ್ತಾರೆ. ಮಧ್ಯಭಾಗ ಸೆಕೆಂಡಿಗೆ 20 ಮೀಟರ್ ಹೋಗುತ್ತಿದೆ, ಸುತ್ತುವುದರಿಂದ ಅದರ ತೋಳಿಗೆ ಇನ್ನೂ 9 ಮೀಟರ್ ವೇಗ ಇದೆ ಅಂದುಕೊಳ್ಳಿ. ಮೇಲಿರುವ ತೋಳು ಗಾಳಿಯನ್ನು 29ರಲ್ಲಿ ಸೀಳುತ್ತದೆ, ಕೆಳಗಿನದು 11ರಲ್ಲಿ. ಗಾಳಿ ಕೊಡುವ ಬಲ ವೇಗದ ವರ್ಗಕ್ಕೆ ತಕ್ಕಂತೆ, ಹಾಗಾಗಿ ಮೇಲೆ ಸುಮಾರು ಏಳು ಪಟ್ಟು ಜಾಸ್ತಿ. ಸುತ್ತದ ಹಲಗೆಯಾಗಿದ್ದರೆ ಪಕ್ಕಕ್ಕೆ ಮಗುಚಿಕೊಳ್ಳುತ್ತಿತ್ತು. ಸುತ್ತುವ ವಸ್ತು ಹಾಗೆ ಮಗುಚುವುದಿಲ್ಲ, ದಿಕ್ಕು ಬದಲಿಸುತ್ತದೆ. ಕೈ ಬಿಟ್ಟು ಸೈಕಲ್ ಹೊಡೆಯುವಾಗ ಎಡಕ್ಕೆ ವಾಲಿದರೆ ಮುಂದಿನ ಗಾಲಿ ಎಡಕ್ಕೆ ಹೊರಳುವುದನ್ನು ನೆನೆಸಿಕೊಳ್ಳಿ. ಹೀಗೆ ಎಡಕ್ಕೆ ತಿರುಗುತ್ತಾ ತಿರುಗುತ್ತಾ ಸುತ್ತು ಹಾಕಿ ಬರುತ್ತದೆ.

ಪಾಠ ಮಾಡುವವರಿಗೆ ಒಂದು ಮಾತು. ಗಾಳಿಯಲ್ಲಿ ಬೀಸಿ ಗುಂಯ್‌ಗುಟ್ಟಿಸುವ ಹಲಗೆಯೊಂದಿದೆ, ಪ್ರಯೋಗಕ್ಕೆ ಆಸೆಯಾಗುತ್ತದೆ. ಹಲವು ಸಮುದಾಯಗಳಲ್ಲಿ ಅದು ಪವಿತ್ರ, ಎಲ್ಲರೂ ನೋಡುವಂತಿಲ್ಲ. ಅದನ್ನು ಬಿಟ್ಟುಬಿಡಿ.

ಬೂಮರಾಂಗ್‌ಗೆ ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದ ಸಾಕು. ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ತೋಳುಗಳನ್ನು ಒಂಚೂರು ಮೇಲಕ್ಕೆ ಬಾಗಿಸಿ, ನೆಟ್ಟಗೆ ಹಿಡಿದು ಬೆರಳಿನಿಂದ ಚಿಮ್ಮಿಸಿ. ನಾನು ಬಲಗೈಯಲ್ಲಿ ಚಿಮ್ಮಿಸಿದ್ದು ಎಡಕ್ಕೆ ತಿರುಗಿತು. ಎಡಚಿ ತಂಗಿ ಅದನ್ನೇ ತಗೊಂಡು ಚಿಮ್ಮಿಸಿದಳು, ಬಲಕ್ಕೆ ತಿರುಗಿ ಫ್ಯಾನಿನ ಮೇಲೆ ಕೂತಿತು. ಯಾಕೆ ಬಲಕ್ಕೆ ಹೋಯಿತು ಅಂತ ಬಾಣ ಹಾಕಿ ಚಿತ್ರ ಬರೆದು ನೋಡಿ.