ಬೆಲೆ ಏರಿದಾಗ ಮಾರಾಟವೂ ಏರಿತ್ತಲ್ಲ ಎನ್ನುವವರಿಗೆ

ಬೆಲೆ ನಿಗದಿಗೆ ಸಲಹೆ ಕೇಳಿ ಬರುವ ಕಂಪನಿಯವರು ಕಡತ ಬಿಚ್ಚುವ ಮೊದಲೇ ಅದರಲ್ಲೇನಿದೆ ಎಂದು ಈಗೀಗ ಹೇಳಿಬಿಡುತ್ತೇನೆ. ಮೂರು ವರ್ಷದ ಮಾರಾಟ, ಪಕ್ಕದಲ್ಲಿ ಬೆಲೆ, ಕೆಳಗೆ ಮೇಲಕ್ಕೇರುವ ಬಣ್ಣದ ಗೆರೆ. "ನೋಡಿ ಸರ್, ಬೆಲೆ ಹೆಚ್ಚಿಸಿದಾಗಲೆಲ್ಲ ಮಾರಾಟ ಹೆಚ್ಚಿದೆ. ನಮ್ಮ ಗ್ರಾಹಕರು ಬೆಲೆ ನೋಡೋದೇ ಇಲ್ಲ!" ಅವರ ಹಿಗ್ಗಿಗೆ ತಣ್ಣೀರೆರಚಲು ನನಗೂ ಮನಸ್ಸಾಗುವುದಿಲ್ಲ.

ಆದರೆ ಆ ಬೆಲೆ ಇಟ್ಟವರು ಯಾರು? ನೀವೇ. ಬೇಡಿಕೆ ಕುದುರುವ ಸುಳಿವು ಸಿಕ್ಕಾಗ ಏರಿಸಿದಿರಿ, ಸರಕು ಬಿದ್ದುಕೊಂಡಾಗ ಇಳಿಸಿದಿರಿ. ಲೆಕ್ಕ ಹಾಕೋಣ. ಸಾಮಾನ್ಯ ದಿನಗಳಲ್ಲಿ ಬೇಡಿಕೆ 100ರಿಂದ ಬೆಲೆಯ ಎರಡರಷ್ಟನ್ನು ಕಳೆದಷ್ಟು. ಸೀಸನ್‌ನಲ್ಲಿ 160ರಿಂದ ಅಷ್ಟೇ ಕಳೆಯಿರಿ. ಸಾಮಾನ್ಯ ದಿನ ಬೆಲೆ 20 ಇಟ್ಟು 60 ಮಾರಿದಿರಿ. ಸೀಸನ್‌ನಲ್ಲಿ 30 ಇಟ್ಟು 100 ಮಾರಿದಿರಿ. ಬೆಲೆ 10 ಏರಿತು, ಮಾರಾಟ 40 ಏರಿತು, ಸಿಹಿ ಹಂಚಿದಿರಿ. ಸೀಸನ್‌ನಲ್ಲೂ 20ಕ್ಕೇ ಕೊಟ್ಟಿದ್ದರೆ 120 ಹೋಗುತ್ತಿತ್ತು. ಬೆಲೆ ಏರಿಕೆ 20 ಗಿರಾಕಿಗಳನ್ನು ಓಡಿಸಿದೆ. ಸೀಸನ್ 60 ಜನರನ್ನು ತಂದು ಅದನ್ನು ಮುಚ್ಚಿಹಾಕಿದೆ. ಏರಿಸಿದ್ದು ತಪ್ಪೆನ್ನುತ್ತಿಲ್ಲ, ವಹಿವಾಟು 2400ರ ಬದಲು 3000 ಆಯಿತಲ್ಲ. ಅದೇ ಗೆರೆ ನಂಬಿ ಸಾಮಾನ್ಯ ದಿನದಲ್ಲೂ 30 ಇಟ್ಟು 100 ತಯಾರಿಸಿದಿರೋ, 40 ಮಾತ್ರ ಹೋಗಿ 60 ಗೋದಾಮಿನಲ್ಲಿ ಕೂರುತ್ತದೆ.

ನಾಚಿಕೆಪಡಬೇಕಿಲ್ಲ, ದೊಡ್ಡವರೂ ಎಡವಿದ್ದಾರೆ. 1914ರಲ್ಲಿ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್ ಕಚ್ಚಾ ಕಬ್ಬಿಣಕ್ಕೆ ಮೇಲ್ಮುಖವಾದ ಬೇಡಿಕೆ ರೇಖೆಯೇ ಇದೆ, ಅಂದರೆ ಬೆಲೆ ಏರಿದಷ್ಟೂ ಬೇಡಿಕೆ ಏರುತ್ತದೆ ಎಂದು ಘೋಷಿಸಿದರು. 1928ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ದಾರಿ ತೋರಿಸಿದರು: ಕೊಳ್ಳುವವರ ಆಸೆಯನ್ನು ಮುಟ್ಟದೆ, ಪೂರೈಕೆಯ ಕಡೆಯಿಂದ ಬೆಲೆಯನ್ನು ಅಲುಗಿಸುವ ಕಾರಣವೊಂದನ್ನು ಹಿಡಿಯಿರಿ. ಬೆಳೆಯಾದರೆ ಎಕರೆವಾರು ಇಳುವರಿ: ಅದು ಕುಸಿದರೆ ಬೆಲೆ ಏರುತ್ತದೆ, ಕೊಳ್ಳುವವರ ಆಸೆ ಇದ್ದಷ್ಟೇ ಇರುತ್ತದೆ.

ಪೈಪೋಟಿ ಇದ್ದಲ್ಲಿ ಗೋಜಲು ಇನ್ನೂ ಹೆಚ್ಚು, ಒಳ್ಳೆಯ ಸರಕಿಗೆ ಬೆಲೆಯೂ ಹೆಚ್ಚು, ಗಿರಾಕಿಯೂ ಹೆಚ್ಚು. ಅರ್ಥಶಾಸ್ತ್ರಜ್ಞರಾದ ಬೆರಿ, ಲೆವಿನ್‌ಸನ್, ಪೇಕ್ಸ್ 1995ರಲ್ಲಿ ಅಮೆರಿಕದ ಕಾರು ಮಾರುಕಟ್ಟೆಯ ಲೆಕ್ಕ ಹಾಕಿದಾಗ, ಸಾದಾ ವಿಧಾನದಲ್ಲಿ 2217 ದಾಖಲೆಗಳ (ಒಂದೊಂದೂ ಒಂದು ಕಾರು ಮಾದರಿಯ ಒಂದು ವರ್ಷದ್ದು) ಪೈಕಿ 1494 ಕಡೆ ಬೇಡಿಕೆ ಬೆಲೆಗೆ ಜಗ್ಗದಂತೆ, ಅಂದರೆ ಬೆಲೆ ಶೇಕಡಾ ಎಷ್ಟು ಏರಿತೋ ಅಷ್ಟು ಇಳಿಯದಂತೆ ಕಂಡಿತು. ಹಾಗಿದ್ದರೆ ಕಂಪನಿಗಳು ಬೆಲೆ ಇನ್ನಷ್ಟು ಏರಿಸದೆ ಸುಮ್ಮನೇಕೆ ಕೂತಿದ್ದವು? ಪ್ರತಿಸ್ಪರ್ಧಿ ಕಾರುಗಳ ಗುಣಗಳನ್ನೂ ಬಳಸಿ ಬೆಲೆಯ ಈ ತೊಡಕು ಬಿಡಿಸಿದಾಗ 22 ಮಾತ್ರ ಉಳಿದವು.

ಬೆಲೆ ಹೆಚ್ಚಿರುವುದೇ ಆಕರ್ಷಣೆಯಾಗುವ ಸರಕುಗಳೂ ಇರಬಹುದು, ಇಲ್ಲವೆನ್ನಲಾರೆ. ಆದರೆ ನನ್ನ ಮೇಜಿಗೆ ಬರುವ ಪ್ರತಿ ಕಡತವೂ ತನ್ನದು ಅಂಥದ್ದೇ ಎನ್ನುತ್ತದೆ.

ಒಮ್ಮೆ ಒಬ್ಬ ಹಿರಿಯ ಅಧಿಕಾರಿಗೆ, ಕೆಲವು ವಾರ ನಾಣ್ಯ ಚಿಮ್ಮಿ ಬೆಲೆ ನಿಗದಿ ಮಾಡಿ, ಆಗ ಬೆಲೆ ಬೇಡಿಕೆಯ ಬೆನ್ನು ಹತ್ತುವುದಿಲ್ಲ ಎಂದೆ. "ನಾಣ್ಯ ಚಿಮ್ಮೋಕೆ ನಿಮಗೆ ಫೀಸ್ ಬೇರೆ ಕೊಡಬೇಕೇನ್ರೀ?" ಎಂದು ರೇಗಿದರು. ಆದರೂ ಚಿಮ್ಮಿದರು. ಎಂಟನೇ ವಾರ ಫೋನು ಬಂತು: "ಗೆರೆ ಕೆಳಗೆ ಹೋಗ್ತಿದೆ ಮಾರಾಯ್ರೆ. ಮೇಲಿನವರಿಗೆ ಏನಂತ ಹೇಳಲಿ?"