ನ್ಯಾಯಾಧೀಶ ವೇಟೀಸ್ ವೇರಿಂಗ್: ಸೋಲು ಖಚಿತವಿದ್ದ ಪೀಠವನ್ನೇ ಬಯಸಿದ್ದೇಕೆ?

ಜೂಲಿಯಸ್ ವೇಟೀಸ್ ವೇರಿಂಗ್ 1880ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ನಿನಲ್ಲಿ, ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದ್ದವರ ಮನೆಯಲ್ಲಿ ಹುಟ್ಟಿದರು. ವಕೀಲಿಕೆ ನಡೆಸಿ, ನಗರಾಡಳಿತದ ವಕೀಲರೂ ಆಗಿದ್ದು, 1942ರ ಆರಂಭದಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಫೆಡರಲ್ (ಕೇಂದ್ರ ಸರ್ಕಾರದ) ಜಿಲ್ಲಾ ನ್ಯಾಯಾಧೀಶರಾದರು. ಈ ಮೊದಲ ಅರವತ್ತು ವರ್ಷಗಳಿಗೆ ಇಷ್ಟು ಸಾಕು.

1946ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ, ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಐಸಾಕ್ ವುಡರ್ಡ್ ಎಂಬ ಕಪ್ಪು ಯೋಧನನ್ನು ಪೊಲೀಸ್ ಮುಖ್ಯಾಧಿಕಾರಿಯೊಬ್ಬ ಹೊಡೆದು ಎರಡೂ ಕಣ್ಣು ಕಳೆದನು. ವೇರಿಂಗ್ ಅವರ ನ್ಯಾಯಾಲಯದಲ್ಲೇ, ಬಿಳಿಯರಷ್ಟೇ ಇದ್ದ ಜ್ಯೂರಿಯು ಆ ಅಧಿಕಾರಿಯನ್ನು ನಿರ್ದೋಷಿಯೆಂದಿತು. ಮರುವರ್ಷ, ಡೆಮಾಕ್ರಟಿಕ್ ಪಕ್ಷವು ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಕಪ್ಪು ಜನರಿಗೂ ಮತದಾನದ ಹಕ್ಕಿದೆಯೆಂದು ವೇರಿಂಗ್ ತೀರ್ಪಿತ್ತರು. ಪಕ್ಷವನ್ನು ಖಾಸಗಿ ಕ್ಲಬ್ಬಿನಂತೆ ತೋರಿಸಲು ರಾಜ್ಯವು ಪ್ರಾಥಮಿಕ ಚುನಾವಣೆಯ ಕಾನೂನುಗಳನ್ನೇ ರದ್ದುಮಾಡಿತ್ತು. ಆ ಉಪಾಯ ಫಲಿಸಲಿಲ್ಲ. 1950ರಲ್ಲಿ ಅವರ ಮನೆಯ ಮೇಲೆ ಕಲ್ಲು ಬಿದ್ದವು.

ಇನ್ನು ಬ್ರಿಗ್ಸ್ ವಿರುದ್ಧ ಎಲಿಯಟ್ ಮೊಕದ್ದಮೆ. ಅದೇ ರಾಜ್ಯದ ಕ್ಲಾರೆಂಡನ್ ಕೌಂಟಿಯ ಕಪ್ಪು ಪೋಷಕರು ಮೊದಲು ಕೇಳಿದ್ದು ಬಿಳಿಯರ ಶಾಲೆಗಳಿಗೆ ಸಮನಾದ ಸೌಲಭ್ಯವನ್ನು. ಅದನ್ನು ವೇರಿಂಗ್ ಒಬ್ಬರೇ ವಿಚಾರಣೆ ಮಾಡಿ ಪೋಷಕರ ಪರ ತೀರ್ಪು ಕೊಡಬಹುದಾಗಿತ್ತು. ಆದರೂ 1950ರ ನವೆಂಬರಿನಲ್ಲಿ, ಕಪ್ಪು ಮತ್ತು ಬಿಳಿಯ ಮಕ್ಕಳಿಗೆ ಪ್ರತ್ಯೇಕ ಶಾಲೆಯ ಕಾನೂನನ್ನೇ ಪ್ರಶ್ನಿಸಿ ಹೊಸದಾಗಿ ದಾವೆ ಹೂಡುವಂತೆ ಅವರು ಪೋಷಕರ ವಕೀಲ ಥರ್ಗುಡ್ ಮಾರ್ಷಲ್ ಅವರನ್ನು ಒತ್ತಾಯಿಸಿದರು. ಹಾಗೆ ಮಾಡಿದರೆ ಮೂವರ ಪೀಠದಲ್ಲಿ ತಾವು ಅಲ್ಪಮತಕ್ಕೆ ಬೀಳುವುದು ಅವರಿಗೆ ಗೊತ್ತಿತ್ತು. ಗೆಲ್ಲಬಹುದಾದ ದಾವೆಯನ್ನು ಕೈಬಿಡಿಸಿದ್ದೇಕೆ ಎಂಬುದೇ ಇಲ್ಲಿ ತಲೆ ತಿನ್ನುವ ಪ್ರಶ್ನೆ.

ಉತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಸೌಲಭ್ಯದ ದಾವೆಯಲ್ಲಿ ಗೆದ್ದರೆ ಸಿಗುವ ಆದೇಶವೆಂದರೆ ಕಟ್ಟಡವನ್ನೂ ಬಸ್ಸನ್ನೂ ಕೊಡಿ ಎಂಬುದು ಮಾತ್ರ. ಅವನ್ನು ಕೊಟ್ಟ ಮೇಲೆ ಮಕ್ಕಳು ಬೇರೆ ಬೇರೆ ಶಾಲೆಗಳಲ್ಲೇ ಉಳಿಯುತ್ತಾರೆ, ಗೆದ್ದವರಿಗೆ ಮೇಲ್ಮನವಿ ಹಾಕಲು ಏನೂ ಉಳಿಯುವುದಿಲ್ಲ. ಸಂವಿಧಾನಕ್ಕೆ ವಿರುದ್ಧವೆಂದು ರಾಜ್ಯದ ಕಾನೂನಿಗೇ ತಡೆಯಾಜ್ಞೆ ಕೇಳಿದರೆ ಮಾತು ಬೇರೆ. ಅಂದಿನ ಫೆಡರಲ್ ಕಾನೂನಿನಂತೆ ಅಂಥ ತಡೆಯಾಜ್ಞೆಯನ್ನು ಒಬ್ಬ ಜಿಲ್ಲಾ ನ್ಯಾಯಾಧೀಶರು ಕೊಡುವಂತಿರಲಿಲ್ಲ, ಮೂವರು ಕೂರಬೇಕಿತ್ತು. ಮತ್ತು ಆ ಮೂವರ ತೀರ್ಪಿನ ಮೇಲಿನ ಮನವಿ ನಡುವಿನ ಮೇಲ್ಮನವಿ ನ್ಯಾಯಾಲಯವನ್ನು ಮುಟ್ಟದೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತಿತ್ತು. ಎಂದರೆ ಸೋತರೂ ವಿಷಯ ಸುಪ್ರೀಂ ಕೋರ್ಟಿನ ಬಾಗಿಲಲ್ಲಿರುತ್ತಿತ್ತು. ಪರೀಕ್ಷೆಗೆ ಓದುವವರು ಈ ನೇರ ಮನವಿಯ ನಿಯಮವನ್ನು ನೆನಪಿಟ್ಟರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ.

1951ರ ಮೇ ತಿಂಗಳಲ್ಲಿ ವಿಚಾರಣೆ ಆರಂಭವಾದ ಕೂಡಲೇ ಶಾಲೆಗಳು ಸಮಾನವಾಗಿಲ್ಲವೆಂದು ರಾಜ್ಯದ ಪರ ವಕೀಲರೇ ಒಪ್ಪಿಕೊಂಡದ್ದು ಇದಕ್ಕೆ ಒಳ್ಳೆಯ ಸಾಕ್ಷಿ: ಹಳೆಯ ದಾವೆಯಾಗಿದ್ದರೆ ಮೊಕದ್ದಮೆ ಅಲ್ಲಿಗೇ ಮುಗಿಯುತ್ತಿತ್ತು. ನ್ಯಾಯಾಧೀಶರಾದ ಪಾರ್ಕರ್ ಮತ್ತು ಟಿಮ್ಮರ್‌ಮನ್ ಸೌಲಭ್ಯ ಸರಿಪಡಿಸಲು ಆದೇಶಿಸಿ ಪ್ರತ್ಯೇಕತೆಯನ್ನು ಎತ್ತಿಹಿಡಿದರು. ಪ್ರತ್ಯೇಕತೆಯೇ ಸ್ವತಃ ಅಸಮಾನತೆ ಎಂದು ವೇರಿಂಗ್ ಭಿನ್ನ ತೀರ್ಪು ಬರೆದರು.

1952ರಲ್ಲಿ ನಿವೃತ್ತರಾಗಿ ನ್ಯೂಯಾರ್ಕಿಗೆ ಹೋದ ಅವರು 1968ರಲ್ಲಿ ತೀರಿಕೊಂಡರು. ಅಷ್ಟರೊಳಗೆ, 1954ರಲ್ಲಿ, ಬ್ರಿಗ್ಸ್ ಸೇರಿದಂತೆ ಹಲವು ಮೊಕದ್ದಮೆಗಳನ್ನು ಒಟ್ಟುಗೂಡಿಸಿ ಬ್ರೌನ್ ಎಂಬ ಮೊಕದ್ದಮೆಯ ಹೆಸರಿನಲ್ಲಿ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಆ ಭಿನ್ನ ತೀರ್ಪಿನ ನಿಲುವಿಗೇ ಬಂದಿತ್ತು.